ಕೇಳದೆ ಕೂಡಿಸಿದ ಊರುಗಳು

(ಕೊಟ್ಟೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಹರಪನಹಳ್ಳಿ ಸೀಮೆಯ ಒಂದು ಊರಿನಲ್ಲಿ ಅರ್ಜಿ ತುಂಬಿಕೊಡುವ ಅಂಗಡಿಯ ಮುಂದೆ ನಾನೊಮ್ಮೆ ಕೂತಿದ್ದೆ. ಒಳಗೆ ಕಂಪ್ಯೂಟರಿನ ಮುಂದೆ ಒಬ್ಬ ಹುಡುಗ, ಎದುರಿಗೆ ಮೊಮ್ಮಗನ ಕೆಲಸಕ್ಕೆಂದು ಕಾಗದದ ಚೀಲ ಹಿಡಿದು ಬಂದ ಒಬ್ಬ ಅಜ್ಜ. ಹುಡುಗ ಕೇಳಿದ: "ಯಜ್ಜಾ, ನೀನು ಹುಟ್ಟಿದ ಜಿಲ್ಲಾ ಯಾವ್ದು ಅಂತ ಹಾಕ್ಲಿ?" ಅಜ್ಜ ತಡವರಿಸಲಿಲ್ಲ. "ಹುಟ್ಟಿದಾಗ ಬಳ್ಳಾರಿ, ಮದ್ರಾಸಿನ ಕೈಕೆಳಗ ಇತ್ತು. ಆಮ್ಯಾಲೆ ಮೈಸೂರು ಅಂದ್ರು. ಆಮ್ಯಾಲೆ ದಾವಣಗೇರಿ. ತಿರುಗಿ ಬಳ್ಳಾರಿ. ಈಗ ವಿಜಯನಗರ ಅಂತಾರ. ನಾನಂತೂ ಮನಿ ಬಿಟ್ಟು ಎಲ್ಲೂ ಹೋಗಿಲ್ಲಪಾ. ನಿನಗ ಯಾವ್ದು ಸರಿ ಅನಸ್ತದೋ ಅದನ್ನ ಹಾಕ್ಕೋ."

ಆ ಮಾತಿನಲ್ಲಿ ಬೇಸರವಿರಲಿಲ್ಲ. ಹೆಮ್ಮೆಯೂ ಇರಲಿಲ್ಲ. ಸಂತೆಯಲ್ಲಿ ಮೆಣಸಿನಕಾಯಿ ದರ ಹೇಳುವವರ ದನಿ ಅದು. ಇವತ್ತಿನ ಉಪನ್ಯಾಸಕ್ಕೆ ಸಂಘಟಕರು ಕೊಟ್ಟ ವಿಷಯ "ಬೆಳೆಯುತ್ತಿರುವ ರಾಜಕೀಯ ಒಕ್ಕೂಟಗಳು ಮತ್ತು ಅವನ್ನು ಸೇರುವ ಜನರ ಮನೋಭಾವ". ಯುರೋಪಿನ ಒಕ್ಕೂಟದ ಮೇಲೆ ಮಾತಾಡುತ್ತೀರಿ ಅಂದುಕೊಂಡಿದ್ದೇವೆ ಎಂದೂ ಅವರು ಹೇಳಿದ್ದರು. ಆ ಕಡೆಗೂ ಒಂದು ಸುತ್ತು ಹೋಗಿಬರೋಣ. ಆದರೆ ಈ ವಿಷಯದ ಪಾಠ ನಮ್ಮ ಅಜ್ಜನ ಚೀಲದಲ್ಲೇ ಇದೆ ಅಂತ ನನಗೆ ಅನ್ನಿಸಿದೆ.

ಯುರೋಪಿನವರು ಈ ವಿಷಯದಲ್ಲಿ ಕೇಳುವುದಕ್ಕೆ ಸಂಕೋಚ ಪಟ್ಟವರಲ್ಲ. 1970ರ ದಶಕದಿಂದ ಯೂರೋಬ್ಯಾರೋಮೀಟರ್ ಎಂಬ ಸಮೀಕ್ಷೆ ನಡೆಸಿ, ನಿಮ್ಮ ದೇಶ ಒಕ್ಕೂಟದಲ್ಲಿರುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಜನರನ್ನು ಮತ್ತೆ ಮತ್ತೆ ಕೇಳಿದ್ದಾರೆ. ನಾರ್ವೆಯವರನ್ನು 1972ರಲ್ಲಿ ಕೇಳಿದರು, ಬೇಡ ಅಂದರು. 1994ರಲ್ಲಿ ಮತ್ತೆ ಕೇಳಿದರು, ಮತ್ತೆ ಬೇಡ ಅಂದರು. ಅಲ್ಲಿ ಒಕ್ಕೂಟಕ್ಕೆ ಅಡ್ಡ ನಿಂತವರಲ್ಲಿ ಮೀನುಗಾರರೂ ಸಣ್ಣ ರೈತರೂ ಮುಂದಿದ್ದರು. ಬ್ರಿಟನ್ 1973ರಲ್ಲಿ ಸೇರಿತು, 1975ರಲ್ಲಿ ಇರೋಣ ಎಂದು ಮತ ಹಾಕಿತು, 2016ರಲ್ಲಿ ಹೊರಡೋಣ ಎಂದು ಮತ ಹಾಕಿತು. ಕ್ರೊಯೇಷಿಯದಲ್ಲಿ 2012ರಲ್ಲಿ ಮತ ಹಾಕಿದ ಮೂವರಲ್ಲಿ ಇಬ್ಬರು ಹೂಂ ಅಂದರು. ಆದರೆ ಮತಗಟ್ಟೆಗೆ ಬಂದವರೇ ಅರ್ಧಕ್ಕಿಂತ ಕಡಿಮೆ. ಬಾರದವರ ಮನಸ್ಸಿನಲ್ಲಿ ಏನಿತ್ತು? ಅದು ಯಾವ ಪಟ್ಟಿಯಲ್ಲೂ ಇಲ್ಲ.

ಅಷ್ಟು ದೂರ ಯಾಕೆ? ಪಕ್ಕದ ಗೋವೆಯವರನ್ನೂ ಕೇಳಿದರು. 1967ರ ಜನವರಿ 16ರಂದು, ಮಹಾರಾಷ್ಟ್ರಕ್ಕೆ ಸೇರುತ್ತೀರೋ ಬೇರೆಯಾಗಿ ಉಳಿಯುತ್ತೀರೋ ಎಂದು. ಬೇರೆಯಾಗಿಯೇ ಇರುತ್ತೇವೆ ಎಂದವರು 1,72,191 ಜನ, ಸೇರುತ್ತೇವೆ ಎಂದವರು 1,38,170 ಜನ. ನಮ್ಮನ್ನು? ನಮ್ಮನ್ನು ಯಾರೂ ಕೇಳಲಿಲ್ಲ. 1953ರ ಅಕ್ಟೋಬರ್ 1ರ ಬೆಳಿಗ್ಗೆ ಈ ಊರಿನ ಜನ ಎದ್ದಾಗ ರಾಜ್ಯ ಬದಲಾಗಿತ್ತು.

ಸ್ವಲ್ಪ ಹಿಂದಕ್ಕೆ ಹೋಗಬೇಕು. 1800ರಲ್ಲಿ ಹೈದರಾಬಾದಿನ ನಿಜಾಮ ತನ್ನನ್ನು ಕಾಯುವ ಇಂಗ್ಲಿಷರ ಸೈನ್ಯದ ಖರ್ಚಿಗೆಂದು ಈ ಸೀಮೆಯನ್ನೆಲ್ಲ ಕಂಪನಿಗೆ ಬಿಟ್ಟುಕೊಟ್ಟ. ತೆಲುಗಿನವರು ಇದನ್ನು ದತ್ತ ಮಂಡಲ ಎಂದು ಕರೆದರು. ಕೊಟ್ಟ ಸೀಮೆ ಎಂದು ಅರ್ಥ. ದತ್ತ ಮಂಡಲದ ಮೇಲೆ ದತ್ತಿ ಉಪನ್ಯಾಸ ಮಾಡುವ ಯೋಗ ನನ್ನದಾಗಿದೆ! ಕೊಡುವಾಗ ಹರಪನಹಳ್ಳಿಯ ಪಾಳೆಯಗಾರರನ್ನೂ ಕೇಳಲಿಲ್ಲ, ಒಕ್ಕಲುಗಳನ್ನೂ ಕೇಳಲಿಲ್ಲ. ಮುಖ್ಯ ಕಲೆಕ್ಟರಾಗಿ ಬಂದ ಥಾಮಸ್ ಮನ್ರೊ 1807ರ ತನಕ ಇಲ್ಲಿದ್ದು ಹೊಲ ಅಳೆಸಿದ, ರೈತವಾರಿ ಕಂದಾಯಕ್ಕೆ ತಳಪಾಯ ಹಾಕಿದ. ಅಂದಿನಿಂದ ನೂರೈವತ್ತು ವರ್ಷಕ್ಕೂ ಮಿಗಿಲಾಗಿ ನಾವು ಮದ್ರಾಸಿನವರು. ಮನೆಯಲ್ಲಿ ಕನ್ನಡ, ಜಿಲ್ಲಾ ಕಚೇರಿಯಲ್ಲಿ ತೆಲುಗು, ಮೇಲಿನ ಕಾಗದದಲ್ಲಿ ಇಂಗ್ಲಿಷು, ಹೈಕೋರ್ಟಿಗೆ ಹೋಗಬೇಕೆಂದರೆ ಸಮುದ್ರದ ದಂಡೆ.

ಕೊಟ್ಟೂರಿನವರಿಗೆ ಇದನ್ನು ರೈಲಿನ ಕಥೆಯಾಗಿ ಹೇಳಿದರೆ ಬೇಗ ತಿಳಿಯುತ್ತದೆ. ಹೊಸಪೇಟೆಯಿಂದ ಬರುವ ರೈಲು ಇಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಇಲ್ಲಿಂದ ಹರಿಹರ ಸುಮಾರು 65 ಕಿಲೋಮೀಟರು. ಹರಿಹರದಲ್ಲಿ ಮೈಸೂರಿನ ರೈಲು. ನಡುವೆ ಹಳಿ ಇಲ್ಲ. ಮದ್ರಾಸು ಪ್ರಾಂತ್ಯದ ಅಂಚಿಗೆ ಬಂದ ಹಳಿ ಮೈಸೂರು ಸಂಸ್ಥಾನದ ಅಂಚನ್ನು ಮುಟ್ಟಲಿಲ್ಲ. ಗಡಿಯೇ ಅದಕ್ಕೆ ಕಾರಣ ಎಂದು ನಾನು ಹೇಳುತ್ತಿಲ್ಲ. ಹೇಳುತ್ತಿರುವುದು ಇಷ್ಟು: ಗಡಿ ಅಳಿಸಿಹೋದದ್ದು 1953ರಲ್ಲಿ, ಆ ಹಳಿ ಕೂಡಿಕೊಂಡದ್ದು ಈ ಶತಮಾನದ ಎರಡನೆಯ ದಶಕದಲ್ಲಿ. ರಾಜ್ಯ ಕೂಡುವುದಕ್ಕೂ ಊರು ಕೂಡುವುದಕ್ಕೂ ನಡುವೆ ಅರವತ್ತು ವರ್ಷ ಬಿತ್ತು.

ಇನ್ನು ಕನ್ನಡ ನಾಡು ಒಂದಾಗಬೇಕೆಂಬ ಮಾತು. ಅದು ಧಾರವಾಡದಲ್ಲಿ ಹುಟ್ಟಿತು. ಅಲ್ಲಿ 1890ರಲ್ಲಿ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು, ಆಲೂರು ವೆಂಕಟರಾಯರು ಊರೂರು ಅಲೆದರು. 1920ರ ನಾಗಪುರ ಕಾಂಗ್ರೆಸ್ಸಿನಲ್ಲಿ ಭಾಷೆಗೊಂದು ಪ್ರಾಂತಿಕ ಸಮಿತಿ ಎಂದು ಗೊತ್ತಾದಾಗ ಬಳ್ಳಾರಿ ಯಾರದು ಎಂಬ ಜಗಳ ಕಾಂಗ್ರೆಸ್ಸಿನ ಮನೆಯೊಳಗೇ ಎದ್ದಿತು. ಆಂಧ್ರದವರು ನಮ್ಮದು ಅಂದರು, ಕರ್ನಾಟಕದವರು ನಮ್ಮದು ಅಂದರು. ಎನ್.ಸಿ. ಕೇಳ್ಕರ್ ಪಂಚಾಯ್ತಿ ಮಾಡಿದರು. ಜಗಳ ಮುಗಿಯಲಿಲ್ಲ.

ಈ ಜಗಳವೆಲ್ಲ ಬಳ್ಳಾರಿ ಪಟ್ಟಣದ ಸುತ್ತ, ಆದವಾನಿಯ ಸುತ್ತ, ಆಲೂರು ರಾಯದುರ್ಗಗಳ ಸುತ್ತ. ಹಡಗಲಿ ಯಾರದು, ಹರಪನಹಳ್ಳಿ ಯಾರದು, ಕೂಡ್ಲಿಗಿ ಯಾರದು ಎಂದು ಯಾರೂ ಜಗಳ ಆಡಲಿಲ್ಲ. ಪಶ್ಚಿಮದ ತಾಲ್ಲೂಕುಗಳು ಕನ್ನಡದವೇ ಎಂದು ಎರಡೂ ಕಡೆಯವರು ಒಪ್ಪಿದ್ದರು. ಮೈಲಾರದ ಗೊರವ, ಉಜ್ಜಿನಿಯ ಪೀಠ, ಹರಪನಹಳ್ಳಿ ಭೀಮವ್ವನ ಹಾಡು, ಉಚ್ಚಂಗಿಯ ದುರ್ಗ, ಬಾಗಳಿಯ ಕಲ್ಲೇಶ್ವರ ಗುಡಿ, ಯಾವುದರ ಬಗ್ಗೆ ವಾದಿಸುವುದು? ನಮ್ಮ ಕಷ್ಟ ಅಲ್ಲೇ ಶುರುವಾಯಿತು ಅಂತ ನನ್ನ ಅನಿಸಿಕೆ. ಜಗಳ ಬಿದ್ದ ಹೊಲವನ್ನು ನೋಡಲು ಅಮೀನ ಬರುತ್ತಾನೆ, ಶಾನುಭೋಗ ಬರುತ್ತಾನೆ, ಪಂಚರು ಬರುತ್ತಾರೆ. ಜಗಳ ಇಲ್ಲದ ಹೊಲದ ಕಡೆ ಯಾರು ಸುಳಿಯುತ್ತಾರೆ?

1952ರ ಡಿಸೆಂಬರ್ 15ರಂದು ಪೊಟ್ಟಿ ಶ್ರೀರಾಮುಲು ಆಂಧ್ರ ರಾಜ್ಯಕ್ಕಾಗಿ ಹೂಡಿದ ಉಪವಾಸದಲ್ಲಿ ತೀರಿಕೊಂಡರು. ನಾಲ್ಕೇ ದಿನಕ್ಕೆ ನೆಹರೂ ಆಂಧ್ರ ರಾಜ್ಯ ಘೋಷಿಸಿದರು. ಅದರ ಬಗ್ಗೆ ನ್ಯಾಯಮೂರ್ತಿ ವಾಂಛೂ ವರದಿ ಕೊಟ್ಟರು. 1953ರ ಮಾರ್ಚಿನಲ್ಲಿ ಸರಕಾರದ ತೀರ್ಮಾನ ಹೊರಬಿತ್ತು: ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ, ಮಿಕ್ಕವು ಮೈಸೂರಿಗೆ, ಬಳ್ಳಾರಿ ತಾಲ್ಲೂಕೊಂದನ್ನು ಆಮೇಲೆ ನೋಡೋಣ. ಆ ಒಂದು ತಾಲ್ಲೂಕಿನ ವಿಚಾರಣೆಗೆ ನ್ಯಾಯಮೂರ್ತಿ ಮಿಶ್ರಾ ಬಂದರು. ಸಾಕ್ಷಿ ಕೇಳಿದರು, ಮನವಿ ತೆಗೆದುಕೊಂಡರು, ಬಳ್ಳಾರಿ ಮೈಸೂರಿಗೆ ಎಂದರು. ಆ ಬೇಸಿಗೆಯಲ್ಲೇ ಹುಬ್ಬಳ್ಳಿಯ ಹತ್ತಿರ ಅದರಗುಂಚಿ ಶಂಕರಗೌಡರು ಏಕೀಕರಣಕ್ಕಾಗಿ ಉಪವಾಸ ಕೂತಿದ್ದರು, ಏಪ್ರಿಲಿನಲ್ಲಿ ಹುಬ್ಬಳ್ಳಿ ಹೊತ್ತಿ ಉರಿಯಿತು. ಬಳ್ಳಾರಿಯಲ್ಲಿ ವಿಲೀನದ ಹಿಂದಿನ ರಾತ್ರಿ ಸಮಾರಂಭದ ಚಪ್ಪರ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬರು ದಾಳಿಗೆ ಸಿಕ್ಕು ಪ್ರಾಣ ಕೊಟ್ಟರು. ಕನ್ನಡದ ಹಬ್ಬದ ಚಪ್ಪರಕ್ಕೆ ಕಾವಲು ನಿಂತು ಜೀವ ತೆತ್ತವರ ಹೆಸರು ಅದು. ಪ್ರತಿ ನವೆಂಬರಿನಲ್ಲಿ ನಾವು ಎಷ್ಟು ಸಲ ಆ ಹೆಸರು ಹೇಳುತ್ತೇವೆ ಎಂದು ಲೆಕ್ಕ ಹಾಕಿ ನೋಡಿ.

ಪಶ್ಚಿಮದ ತಾಲ್ಲೂಕುಗಳಿಗೆ ಮಿಶ್ರಾ ಅಂಥವರು ಯಾರೂ ಬರಬೇಕಾಗಿರಲಿಲ್ಲ. ಹಾಗಾಗಿ ಬರಲಿಲ್ಲ. 1952ರ ಚುನಾವಣೆಯಲ್ಲಿ ಮದ್ರಾಸ್ ವಿಧಾನಸಭೆಗೆ ಆರಿಸಿ ಬಂದಿದ್ದವರು 375 ಜನ. ಆಂಧ್ರ ಬೇರೆಯಾದಾಗ 140 ಜನ ಅಲ್ಲಿಗೆ ಹೋದರು, ಬಳ್ಳಾರಿ ಸೀಮೆಯ ಐವರು ಮೈಸೂರಿಗೆ ಬಂದರು. ಮದ್ರಾಸಿನ ಶಾಸಕರನ್ನು ಆರಿಸಿದ ಮತದಾರ ಮತ್ತೆ ಮತ ಹಾಕದೆಯೇ ಬೆಂಗಳೂರಿನಲ್ಲಿ ಪ್ರತಿನಿಧಿ ಪಡೆದ. ಇದು ತಪ್ಪೆಂದು ನಾನು ಹೇಳುತ್ತಿಲ್ಲ. ಕೇಳಿದ್ದರೂ ಈ ಸೀಮೆ ಹೂಂ ಎಂದೇ ಹೇಳುತ್ತಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮದುವೆಗೆ ಒಪ್ಪಿದ್ದೀಯೇನವ್ವ ಎಂದು ಹೆಣ್ಣನ್ನು ಒಮ್ಮೆ ಕೇಳುವುದಕ್ಕೂ, ಒಪ್ಪಿಯೇ ಒಪ್ಪುತ್ತಾಳೆ ಬಿಡ್ರಿ ಎಂದು ಬಾಸಿಂಗ ಕಟ್ಟುವುದಕ್ಕೂ ಫರಕು ಇದೆ. ಕೇಳಿಸಿಕೊಂಡ ಹೆಣ್ಣು ನಾಳೆ ತವರಿನಲ್ಲಿ ಮಾತಾಡುವ ರೀತಿ ಬೇರೆ.

ಇನ್ನು ಗಂಡಿನ ಮನೆಯ ಕಡೆ. ಒಕ್ಕೂಟಕ್ಕೆ ಸೇರುವವರ ಮನೋಭಾವ ಎಂದಾಗ ಒಳಗಿರುವವರ ಮನೋಭಾವವನ್ನು ಮರೆಯುತ್ತೇವೆ. 2004ರಲ್ಲಿ ಯುರೋಪಿನ ಒಕ್ಕೂಟಕ್ಕೆ ಒಂದೇ ದಿನ ಹತ್ತು ದೇಶ ಸೇರಿದಾಗ ಹಳೆಯ ಸದಸ್ಯರ ಊರುಗಳಲ್ಲಿ ಎದ್ದ ಮಾತು ಏನು? ಪೋಲೆಂಡಿನ ನಲ್ಲಿ ರಿಪೇರಿಯವನು ಬಂದು ನಮ್ಮ ಅನ್ನ ಕಿತ್ತುಕೊಳ್ಳುತ್ತಾನೆ ಎಂದು ಫ್ರಾನ್ಸಿನಲ್ಲಿ ದೊಡ್ಡ ಗದ್ದಲವೇ ಆಯಿತು. ಅದಕ್ಕೆ ಐವತ್ತು ವರ್ಷ ಮೊದಲೇ ಹಳೆಯ ಮೈಸೂರಿನಲ್ಲಿ ಇಂಥದೇ ಮಾತು ಕೇಳಿಬಂದಿತ್ತು. ಶಿವನಸಮುದ್ರದ ವಿದ್ಯುತ್ತು, ಭದ್ರಾವತಿಯ ಕಬ್ಬಿಣ, 1916ರ ವಿಶ್ವವಿದ್ಯಾನಿಲಯ, ಇವೆಲ್ಲ ನಾವು ಕೂಡಿಟ್ಟ ಗಂಟು, ಬಡ ಜಿಲ್ಲೆಗಳು ಬಂದು ಖರ್ಚು ಮಾಡುತ್ತವೆ ಎಂಬ ಹೆದರಿಕೆ. ಅದರ ಹಿಂದೆ ಇನ್ನೊಂದು ಹೆದರಿಕೆ: ನಾಡು ದೊಡ್ಡದಾದರೆ ಜಾತಿಗಳ ತಲೆಲೆಕ್ಕ ಬದಲಾಗುತ್ತದೆ, ಒಕ್ಕಲಿಗರ ಕೈಯಲ್ಲಿದ್ದ ಮೂಗುದಾರ ಲಿಂಗಾಯತರ ಕೈಗೆ ಹೋಗುತ್ತದೆ. ಎರಡು ಕನ್ನಡ ರಾಜ್ಯ ಇರಲಿ ಎಂದವರೂ ಇದ್ದರು. ಈ ಒಳಗುದಿಯ ನಡುವೆ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಏಕೀಕರಣದ ಪರ ನಿಂತರು. ಅವರದೇ ಪಕ್ಷದಲ್ಲಿ ಅವರ ಮೇಲೆ ಹಲ್ಲು ಕಡಿದವರಿಗೆ ಕೊರತೆ ಇರಲಿಲ್ಲ.

ನನಗೆ ತುಂಬಾ ರುಚಿಸುವ ಸಂಗತಿ ಒಂದು ಇದೆ. ಆ ಚರ್ಚೆ ನಡೆದಾಗ ನಮ್ಮವರು ಹೊರಗಿರಲಿಲ್ಲ. ಬಳ್ಳಾರಿ ಸೀಮೆ ಮೈಸೂರಿನ ಮೊದಲ ಸೊಸೆ. ಧಾರವಾಡ, ಬಿಜಾಪುರ, ಬೆಳಗಾವಿ, ಕಲಬುರ್ಗಿ, ರಾಯಚೂರು, ಬೀದರ್, ಮಂಗಳೂರು ಒಳಗೆ ಬರಬೇಕೋ ಬೇಡವೋ ಎಂದು ಮಾತಾಡುವಾಗ ಮೂರು ವರ್ಷ ಮೊದಲೇ ಹೊಸ್ತಿಲು ದಾಟಿದ್ದ ನಾವು ಒಳಗೆ ಕೂತಿದ್ದೆವು. ಹಳಬರ ಕಣ್ಣಿಗೆ ಹೊಸಬರು, ಬರುವವರ ಕಣ್ಣಿಗೆ ಹಳಬರು. ಆ ಜಾಗದಲ್ಲಿ ಕೂತವರು ಜಾಣರಾಗಿದ್ದರೆ ಚೌಕಾಸಿ ಮಾಡಬಹುದಿತ್ತು. ಮಾಡಿದಂತೆ ಕಾಣುವುದಿಲ್ಲ. ಕನ್ನಡಕ್ಕೆ ಕೂಡಿದೆವಲ್ಲ, ಅಷ್ಟು ಸಾಕು ಎಂದುಕೊಂಡರು. ಆ ಮುಗ್ಧತೆಯ ಬಗ್ಗೆ ನನಗೆ ಗೌರವವೂ ಇದೆ, ಸಿಟ್ಟೂ ಇದೆ.

ಅಷ್ಟರಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗ ದೇಶ ಸುತ್ತುತ್ತಿತ್ತು. ಆಯೋಗಕ್ಕೆ ಬಂದ ಕಾಗದ ಪತ್ರ 1,52,250. ಅದರಲ್ಲಿ ಲಕ್ಷ್ಯಕೊಟ್ಟು ಬರೆದ ಮನವಿಗಳು ಎರಡು ಸಾವಿರದಷ್ಟು ಮಾತ್ರ ಎಂದು ಅವರೇ ಹೇಳಿಕೊಂಡಿದ್ದಾರೆ. 104 ಊರುಗಳಿಗೆ ಹೋದರು, 38 ಸಾವಿರ ಮೈಲಿ ಓಡಾಡಿದರು, 9 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ಈ ದೇಶದಲ್ಲಿ ಜನಾಭಿಪ್ರಾಯ ಅಳೆಯಲು ನಡೆದ ದೊಡ್ಡ ಪ್ರಯತ್ನಗಳಲ್ಲಿ ಅದು ಒಂದು. ಆಮೇಲೆ ಏನು ಬರೆದರು? ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳು, ಜೊತೆಗೆ ಮಲ್ಲಾಪುರ ಉಪತಾಲ್ಲೂಕಿನ ಒಂದು ತುಂಡು ಆಂಧ್ರಕ್ಕೆ ಹೋಗಲಿ ಎಂದು! ಕಾರಣಗಳಲ್ಲಿ ದೊಡ್ಡದು ತುಂಗಭದ್ರಾ ಅಣೆಕಟ್ಟು. ಮೈಲಾರದ ಕಾರಣಿಕ ನೋಡಿ, ಗೊರವಯ್ಯ ಬಿಲ್ಲೇರಿ ನುಡಿಯುವುದು ಒಂದೇ ಸಾಲು. ಮಳೆ ಬರುತ್ತದೆ ಎಂದು ಒಬ್ಬ, ಸರಕಾರ ಬೀಳುತ್ತದೆ ಎಂದು ಇನ್ನೊಬ್ಬ ಅರ್ಥ ಮಾಡುತ್ತಾನೆ. ಒಂದೂವರೆ ಲಕ್ಷ ಕಾಗದ ಓದಿದವರ ಪಾಡೂ ಬೇರೆಯಾಗಲಿಲ್ಲ.

ಆ ಶಿಫಾರಸು ನಿಂತಿದ್ದರೆ ನಮ್ಮ ಗತಿ ಏನಾಗುತ್ತಿತ್ತು? ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಸಂಡೂರು ಕರ್ನಾಟಕದಲ್ಲೇ ಉಳಿಯುತ್ತಿದ್ದವು. ಜಿಲ್ಲಾ ಕಚೇರಿ, ಕೋರ್ಟು, ಕಾಲೇಜು, ಸೆರೆಮನೆ, ಎಲ್ಲ ಇದ್ದ ಬಳ್ಳಾರಿ ಹೊರರಾಜ್ಯ. ಹೊಸಪೇಟೆಗೆ ಹೋಗುವ ಕೊಟ್ಟೂರಿನ ರೈಲು ಅಂತರರಾಜ್ಯ ರೈಲು! ಬಳ್ಳಾರಿಯಲ್ಲಿ ಗದ್ದಲವೆದ್ದಿತು, ಕೇಂದ್ರ ಆ ಮಾತನ್ನು ಒಪ್ಪಲಿಲ್ಲ, 1956ರ ನವೆಂಬರ್ 1ರಂದು ಬಳ್ಳಾರಿ ನಮ್ಮೊಡನೆಯೇ ವಿಶಾಲ ಮೈಸೂರಿನಲ್ಲಿ ಉಳಿಯಿತು. ಉಳಿಸಿಕೊಂಡ ಹೋರಾಟದ ಪುಣ್ಯ ಬಳ್ಳಾರಿಯವರದು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಅಣೆಕಟ್ಟಿನ ಮಾತು ಬಂತು. 1945ರಲ್ಲಿ ಮದ್ರಾಸೂ ಹೈದರಾಬಾದೂ ಕೂಡಿ ತುಂಗಭದ್ರೆಗೆ ಅಡಿಗಲ್ಲು ಹಾಕಿದವು. 1953ರಲ್ಲಿ, ಅಂದರೆ ನಾವು ಮೈಸೂರಿಗೆ ಸೇರಿದ ವರ್ಷವೇ, ನೀರು ನಿಂತಿತು. ಮುಳುಗಿದ್ದು ಎರಡು ದಂಡೆಯ ಸುಮಾರು 90 ಹಳ್ಳಿ. ನಮ್ಮ ಕಡೆಯ ಹೊಳೆಸಾಲಿನ ಎರೆಹೊಲಗಳು ನೀರಿನ ಕೆಳಗೆ ಹೋದವು. ನಾರಾಯಣದೇವರಕೆರೆಯವರು ಮರಿಯಮ್ಮನಹಳ್ಳಿಯಲ್ಲಿ ಹೊಸದಾಗಿ ಒಲೆ ಹೂಡಿದರು. ಕಾಲುವೆ ಹೊರಟದ್ದು ಮೂಡಲಿಗೆ, ಸಿರುಗುಪ್ಪ, ಬಳ್ಳಾರಿ, ಆದವಾನಿಯ ಕಡೆಗೆ. ನೀರು ಇಳಿಜಾರಿಗೆ ಹರಿಯುತ್ತದೆ, ಅದರ ತಪ್ಪಲ್ಲ. ಆದರೆ ನದಿ ಹಂಚಿಕೊಳ್ಳಲು ರಾಜ್ಯಗಳಿಗೆ ತುಂಗಭದ್ರಾ ಮಂಡಳಿ ಸಿಕ್ಕಿತು, ಆಂಧ್ರ ರಾಜ್ಯ ಕಾಯ್ದೆಯ ಆಧಾರದಲ್ಲಿ ಅದು ಇಂದಿಗೂ ನಡೆಯುತ್ತಿದೆ. ಎದೆಯ ಮೇಲೆ ನೀರು ನಿಲ್ಲಿಸಿಕೊಂಡ ಹಡಗಲಿ, ಹಗರಿಬೊಮ್ಮನಹಳ್ಳಿಗಳ ಹೊಲಕ್ಕೆ ಏತ ನೀರಾವರಿ ಎಂಬ ಮಾತು ಬರಲು ಎಷ್ಟು ಚುನಾವಣೆ ಕಳೆದವು ಎಂದು ಸಭೆಯಲ್ಲಿರುವ ಹಿರಿಯರು ನನಗಿಂತ ಚೆನ್ನಾಗಿ ಬಲ್ಲರು. ಹಿನ್ನೀರು ಕಣ್ಣೆದುರಿಗೆ, ಶೇಂಗಾ ಹೊಲ ಮುಗಿಲು ನೋಡುತ್ತದೆ.

ಜಗಳವಿಲ್ಲದವರನ್ನು ಯಾರೂ ಕೇಳುವುದಿಲ್ಲ ಎಂಬ ಪಾಠವನ್ನು ಚೆನ್ನಾಗಿ ಕಲಿತದ್ದು ಹರಪನಹಳ್ಳಿ. 1997ರ ಆಗಸ್ಟ್ 15ರಂದು ಜೆ.ಎಚ್. ಪಟೇಲರ ಸರಕಾರ ದಾವಣಗೆರೆ ಜಿಲ್ಲೆ ಮಾಡಿದಾಗ ಹರಪನಹಳ್ಳಿಯನ್ನು ಬಳ್ಳಾರಿಯಿಂದ ಬಿಡಿಸಿ ಅಲ್ಲಿಗೆ ಸೇರಿಸಿದರು. ಭೂಪಟ ನೋಡಿದರೆ ಸರಿಯೇ. ಬಳ್ಳಾರಿ ನೂರು ಕಿಲೋಮೀಟರಿಗೂ ಆಚೆ, ದಾವಣಗೆರೆ ಅರ್ಧ ದಾರಿಯೂ ಅಲ್ಲ. ಮೆಕ್ಕೆಜೋಳ ಹೋಗುವುದು ದಾವಣಗೆರೆಗೆ, ಬಟ್ಟೆ ತರುವುದು ದಾವಣಗೆರೆಯಿಂದ, ಆಸ್ಪತ್ರೆ ದಾವಣಗೆರೆ. ಕಚೇರಿಯೂ ಅಲ್ಲೇ ಆಯಿತಲ್ಲ ಎಂದು ಜನ ಹೊಂದಿಕೊಂಡರು.

ಆಮೇಲೆ ಬಂತು 371-ಜೆ. ಸಂವಿಧಾನದ 98ನೆಯ ತಿದ್ದುಪಡಿ. ಬೀದರ್, ಕಲಬುರ್ಗಿ, ಯಾದಗಿರಿ, ರಾಯಚೂರು, ಕೊಪ್ಪಳದ ಜೊತೆಗೆ ಬಳ್ಳಾರಿ ಜಿಲ್ಲೆಗೂ ವಿಶೇಷ ಸ್ಥಾನ. ಸ್ಥಳೀಯ ವೃಂದದಲ್ಲಿ ಸಿ ಗುಂಪಿನ ಹುದ್ದೆಗಳಲ್ಲಿ ಶೇ. 80, ಡಿ ಗುಂಪಿನಲ್ಲಿ ಶೇ. 85 ಈ ಭಾಗದವರಿಗೆ. ಅದು ಜಾರಿಗೆ ಬಂದ ದಿನ ಯಾವುದು ಗೊತ್ತೇ? 2013ರ ಅಕ್ಟೋಬರ್ 1. ಮದ್ರಾಸು ಬಿಟ್ಟು ಮೈಸೂರಿಗೆ ಬಂದು ಸರಿಯಾಗಿ ಅರವತ್ತು ವರ್ಷ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಸೀಮೆ ಇನ್ನೂರು ವರ್ಷದ ಮೇಲೆ ಹೈದರಾಬಾದ್ ಕರ್ನಾಟಕ ಎಂಬ ಹೆಸರಿನ ಕೆಳಗೆ ಸೇರಿಕೊಂಡಿತು, ಅದೂ ಸಂತೋಷವಾಗಿ! ಇತಿಹಾಸದ ಮೇಷ್ಟ್ರುಗಳು ಮುಗುಳ್ನಕ್ಕರು. ಅರ್ಜಿ ಹಾಕುವ ಹುಡುಗರಿಗೆ ನಗುವುದಕ್ಕೆ ಪುರಸೊತ್ತಿರಲಿಲ್ಲ.

ಹರಪನಹಳ್ಳಿ ಮಾತ್ರ ಹೊರಗುಳಿಯಿತು. ಗಡಿಕಲ್ಲಿನ ಈಚೆ ಹಡಗಲಿಯ ಹುಡುಗನಿಗೆ ಮೀಸಲಾತಿ, ಆಚೆ ಹರಪನಹಳ್ಳಿಯ ಅವನ ಸೋದರತ್ತೆಯ ಮಗನಿಗೆ ಇಲ್ಲ. ಮಳೆ ಒಂದೇ, ಬರ ಒಂದೇ, ಬಡತನ ಒಂದೇ. ಆಗ ಹರಪನಹಳ್ಳಿ ಬೀದಿಗೆ ಬಂತು. ಬಂದ್ ಆಯಿತು, ಧರಣಿ ಆಯಿತು. ಶಾಸಕರಾಗಿದ್ದ ಎಂ.ಪಿ. ರವೀಂದ್ರ ಅದನ್ನು ಕೈಗೆತ್ತಿಕೊಂಡು ಹಟ ಹಿಡಿದರು. 2018ರಲ್ಲಿ ಹರಪನಹಳ್ಳಿ ಬಳ್ಳಾರಿಗೆ ವಾಪಸು ಬಂತು. ಆ ವರ್ಷದ ನವೆಂಬರಿನಲ್ಲೇ ರವೀಂದ್ರ ತೀರಿಕೊಂಡರು. ಹತ್ತಿರದ ಕಚೇರಿ ಬಿಟ್ಟು ದೂರದ ಕಚೇರಿಗೆ ಜನ ಆಸೆಪಟ್ಟು ಹೋದ ಇಂಥ ಸೇರ್ಪಡೆ ನನಗೆ ಗೊತ್ತಿರುವಂತೆ ಅಪರೂಪ. ಇದು ಬರೀ ಸ್ವಾರ್ಥ ಎಂದು ದೊಡ್ಡ ಊರಿನ ಪತ್ರಕರ್ತರೊಬ್ಬರು ನನ್ನೆದುರು ಮೂಗು ಮುರಿದರು. 1953ರಲ್ಲಿ ಬರೀ ಪ್ರೀತಿಗೆ ಸೇರಿದವರಿಗೆ ಸಿಕ್ಕದ್ದೇನು ಎಂದು ನಾನು ಕೇಳಿದೆ. ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲ್ಲೂಕು ತೂಗಿ 114 ಹಿಂದುಳಿದವು ಎಂದು ಬರೆದಾಗ ನಮ್ಮ ಸೀಮೆ ಯಾವ ತಕ್ಕಡಿಯಲ್ಲಿತ್ತು ಎಂದೂ ಕೇಳಿದೆ. ಚಹಾ ಬಂತು, ಮಾತು ಅಲ್ಲಿಗೆ ನಿಂತಿತು.

ಹರಪನಹಳ್ಳಿ ಬಳ್ಳಾರಿಯಲ್ಲಿ ಚಾಪೆ ಹಾಸುವಷ್ಟರಲ್ಲಿ ವಿಜಯನಗರ ಜಿಲ್ಲೆ. 2021ರ ಫೆಬ್ರುವರಿಯಲ್ಲಿ ಅಧಿಸೂಚನೆ, ಅಕ್ಟೋಬರಿನಲ್ಲಿ ಉದ್ಘಾಟನೆ. ಹೊಸಪೇಟೆ ಕೇಂದ್ರ, ಜೊತೆಗೆ ನಮ್ಮ ಐದು ತಾಲ್ಲೂಕು. ಬಳ್ಳಾರಿಯಲ್ಲಿ ಜಿಲ್ಲೆ ಒಡೆಯಬೇಡಿ ಎಂದು ಬಂದ್ ಆಯಿತು. ನಮ್ಮ ಕಡೆ ಹರಪನಹಳ್ಳಿಯನ್ನೇ ಜಿಲ್ಲೆ ಮಾಡಿ ಎಂಬ ಕೂಗೂ ಎದ್ದಿತು. ಈ ಸಲ ಜನ ಸುಮ್ಮನೆ ಕೂರಲಿಲ್ಲ ಎನ್ನುವುದು ನನಗೆ ಮುಖ್ಯ. ನಿಮ್ಮ ಕೊಟ್ಟೂರೂ ಅಷ್ಟೆ, ಕೂಡ್ಲಿಗಿಯ ಸೆರಗಿನಿಂದ ಬಿಡಿಸಿಕೊಂಡು ತಾಲ್ಲೂಕಾಗಲು ನೀವು ಎಷ್ಟು ವರ್ಷ ಮನವಿ ಹಿಡಿದು ತಿರುಗಿದಿರಿ! ಇಲ್ಲಿ ಯಾರ ಕೈಯಲ್ಲೂ ಮತಪತ್ರ ಇಟ್ಟು ಕೇಳಲಿಲ್ಲ, ಹಾಗಾಗಿ ಬಂದ್ ಮತಪತ್ರವಾಯಿತು, ಮನವಿ ಮತಪತ್ರವಾಯಿತು. ನಾರ್ವೆಯ ಮೀನುಗಾರ ಪೆಟ್ಟಿಗೆಯಲ್ಲಿ ಹಾಕಿದ್ದನ್ನು ನಮ್ಮವರು ರಸ್ತೆಯಲ್ಲಿ ಹಾಕಿದರು.

ಅಂಗಡಿಯ ಅಜ್ಜನನ್ನು ಅರ್ಧದಲ್ಲಿ ಬಿಟ್ಟುಬಂದೆ. ಹುಡುಗ ಕೊನೆಗೆ ಬಳ್ಳಾರಿ ಎಂದೇ ಹಾಕಿದ. ಅಜ್ಜ ಆಕಳಿಸುತ್ತ ಗೋಡೆಗೆ ಒರಗಿದ್ದ. ಹುಡುಗ ಇನ್ನೊಂದು ಕೋಣೆ ತುಂಬಬೇಕಿತ್ತು. "ಯಜ್ಜಾ, ಮೊಮ್ಮಗಂದು ತ್ರೀ ಸೆವೆಂಟಿ ಒನ್ ಜೆ ಸರ್ಟಿಫಿಕೇಟ್ ಐತೇನು?" ಅಜ್ಜ ನೆಟ್ಟಗೆ ಕೂತ. ಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದ, ಕವರಿನಿಂದ ಮಡಿಕೆ ಬೀಳದ ಹಾಗೆ ರಟ್ಟಿನ ನಡುವೆ ಇಟ್ಟಿದ್ದ ಕಾಗದ ತೆಗೆದ. ಉಪವಿಭಾಗಾಧಿಕಾರಿಯ ಮೊಹರು ಮೇಲೆ ಬರುವಂತೆ ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿ, "ಇದನ್ನ ಮಾತ್ರ ಸರಿಯಾಗಿ ನೋಡ್ಕೊಂಡು ಹಾಕಪಾ" ಅಂದ.